ಲೇಬಲ್ ಕಿತ್ತ ಬಾಟಲಿಗಳು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಹೊಸ ಬಾಗಿಲು ಕೂರಿಸುವ ತಯಾರಿಯಲ್ಲಿದ್ದರು. ಬಡಿಗ ಚೌಕಟ್ಟನ್ನು ಅಂಗಳದಲ್ಲಿ ಮಲಗಿಸಿ ಕುಂಚದಿಂದ ಗೆದ್ದಲಿನ ಔಷಧಿ ಬಳಿಯುತ್ತಿದ್ದ. ಆ ವಾಸನೆ ಕಾಂಪೌಂಡು ದಾಟಿ ನಮ್ಮ ಪಡಸಾಲೆಗೆ ಬಂತು. ಸೀಮೆಎಣ್ಣೆಯಲ್ಲಿ ಬೆಳ್ಳುಳ್ಳಿ ಕೊಳೆಹಾಕಿದಂಥ ವಾಸನೆ. ನಾನು ಚಹಾದ ಕಪ್ಪು ಮುಂದಿಟ್ಟುಕೊಂಡು ಪೇಪರು ಓದುತ್ತಿದ್ದೆ. ಅಂಗೈ ಚುರ್ರೆಂದಾಗ ನೋಡಿದರೆ ನನ್ನ ಬಲಗೈ ಕಪ್ಪಿನ ಬಾಯಿ ಮುಚ್ಚಿಕೊಂಡು ಕುಳಿತಿತ್ತು. ನಾನು ಅದಕ್ಕೆ ಹಾಗೆ ಮಾಡಲು ಹೇಳಿರಲಿಲ್ಲ.

ಸುಮಾರು ಎರಡು ವರ್ಷದಿಂದ ಈ ಕೈ ಹೀಗೇ ಇದೆ. ಹೊಲದ ಕಡೆ ಹೋದಾಗ, ಗೊಬ್ಬರದ ಅಂಗಡಿಯ ಮುಂದೆ ಹಾಯುವಾಗ, ಆ ವಾಸನೆ ಸುಳಿದರೆ ಸಾಕು, ಎದುರಿಗೆ ಯಾರ ಗ್ಲಾಸು ಇದ್ದರೂ ಅದರ ಮೇಲೆ ಹೋಗಿ ಕೂರುತ್ತದೆ. ಒಮ್ಮೆ ಮದುವೆಯ ಊಟದಲ್ಲಿ ಪಕ್ಕದವರ ಮಜ್ಜಿಗೆ ಮುಚ್ಚಿ ಬೈಸಿಕೊಂಡಿದ್ದೇನೆ. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ನಾನು ಶಹಾಪುರದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಪ್ರತಿ ವರ್ಷ ಮೊದಲ ಪ್ರಾಕ್ಟಿಕಲ್ ದಿನ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಂದೇ ಮಾತು ಹೇಳುತ್ತೇನೆ: ಲೇಬಲ್ ಇಲ್ಲದ ಬಾಟಲಿ ಮುಟ್ಟಬೇಡಿ, ಲೇಬಲ್ ಇದ್ದರೂ ಎರಡು ಸಲ ಓದಿ. ಹದಿನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಅದೇ ನಾನು ಮನೆಯಲ್ಲಿ ಬಕೆಟ್ಟಿನ ಬಿಸಿನೀರಿನಲ್ಲಿ ಬಾಟಲಿ ನೆನೆಸಿ, ಉಗುರಿನಿಂದ ಕೆರೆದು, ಕಲೆ ಉಳಿಯದಂತೆ ಲೇಬಲ್ ಕೀಳುತ್ತಿದ್ದೆ. ಅದಕ್ಕೊಂದು ಕಾರಣವಿತ್ತು. ಅದನ್ನು ಹೇಳುವ ಮೊದಲು ನಮ್ಮ ಕಡೆಯ ಕುಡಿತದ ವಿಷಯ ನಾಲ್ಕು ಮಾತು ಹೇಳಬೇಕು.

ನಮ್ಮಲ್ಲಿ ಗಂಡಸರು ಕುಡಿಯುವುದು ರಸ್ತೆ ಬದಿಯ ಧಾಬಾದಲ್ಲಿ, ಇಲ್ಲವೇ ಯಾರದಾದರೂ ಹೊಲದ ಬದುವಿನಲ್ಲಿ. ಪ್ಲಾಸ್ಟಿಕ್ ಗ್ಲಾಸು, ನೀರಿನ ಪ್ಯಾಕೆಟ್ಟು, ಹುರಿದ ಶೇಂಗಾ. ಎಷ್ಟು ಹಾಕಲಿ ಎಂದು ಕೇಳುತ್ತಾರೆ. ಯಾವುದು ಸೇರುತ್ತದೆ ಎಂದು ಯಾರೂ ಕೇಳುವುದಿಲ್ಲ. ಡಿಗ್ರಿ ಓದುವಾಗ ಗೆಳೆಯರು ಕೊಟ್ಟದ್ದನ್ನು ನಾನೂ ಉಸಿರು ಹಿಡಿದು ಕುಡಿದೆ. ಕಷಾಯ ಕುಡಿದಂತೆ ಕುಡಿದು, ಮುಖ ಕಿವುಚಿ, ಮರುಕ್ಷಣ ಶೇಂಗಾ ಬಾಯಿಗೆ ಹಾಕಿಕೊಳ್ಳುವುದು. ಎಲ್ಲರ ಮುಖವೂ ಕಿವುಚುತ್ತಿದ್ದುದರಿಂದ ಕುಡಿಯುವುದೆಂದರೆ ಇದೇ ಎಂದುಕೊಂಡಿದ್ದೆ. ಹೀಗೆ ಹದಿನೈದಕ್ಕೂ ಹೆಚ್ಚು ವರ್ಷ, ಇಷ್ಟವಿಲ್ಲದ ಒಂದು ವಸ್ತುವನ್ನು ಇಷ್ಟಪಟ್ಟು ಕುಡಿಯುವವನಂತೆ ನಟಿಸುತ್ತ ಬಂದೆ.

ನನ್ನನ್ನು ಮೊದಲ ಸಲ ಕೇಳಿದವರು ಸುರಪುರದ ಸಾಬಣ್ಣ. ಪರೀಕ್ಷೆಯ ಡ್ಯೂಟಿಗೆ ಸುರಪುರಕ್ಕೆ ಹೋಗಿದ್ದೆ. ಏಪ್ರಿಲ್ ಬಿಸಿಲು. ಬಸ್ ಸ್ಟ್ಯಾಂಡಿನ ಹತ್ತಿರದ ಸೋಡಾ ಶರಬತ್ತಿನ ಅಂಗಡಿಗೆ ನುಗ್ಗಿ, ಏನಾದರೂ ತಣ್ಣಗಿದ್ದದ್ದು ಕೊಡಿ ಅಂದೆ. ಐವತ್ತರ ಸುಮಾರಿನ, ತೆಳ್ಳಗಿನ, ದಪ್ಪ ಮೀಸೆಯ ಮನುಷ್ಯ. ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿ, "ಏನಾದ್ರೂ ಅನ್ನೂದು ನಮ್ಮ ಅಂಗಡ್ಯಾಗ ಇಲ್ರಿ ಸರ. ನಿಮಗೇನ್ ಸೇರ್ತದ ಹೇಳ್ರಿ. ಹುಳಿಯೋ, ಸಿಹಿಯೋ, ಒಗರೋ?" ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷದ, ಮೇಲಾಗಿ ಎಂ.ಎಸ್ಸಿ. ಮಾಡಿದ ಮನುಷ್ಯ. ಅವರು ಮೂರು ಸಣ್ಣ ಲೋಟಗಳಲ್ಲಿ ಮೂರು ಬಗೆ ಮಾಡಿ ಮುಂದಿಟ್ಟರು. ನನ್ನಾರಿ ಬೇರಿನ ಪಾಕಕ್ಕೆ ನಿಂಬೆ, ಹುಣಸೆ ನೀರಿಗೆ ಜೀರಿಗೆ ಮತ್ತು ಕಲ್ಲುಪ್ಪು, ಮತ್ತೊಂದು ಬರೀ ಸಿಹಿ. ನಾನು ಗಟಗಟ ಎತ್ತಲು ಹೋದಾಗ ತಡೆದರು.

"ಮೊದಲ ಮೂಗಿಗೆ ಕೇಳ್ರಿ. ಏನ್ ವಾಸನಿ ಬಂತು ನನಗ ಹೇಳ್ರಿ. ಆಮ್ಯಾಲ ನಾಲಿಗಿ."

ಹೇಳಿದೆ. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು, ಬಾಯಿಪಾಠ ಒಪ್ಪಿಸುವ ಹುಡುಗನ ಮುಂದೆ ನಾನು ಕೂತು ಕೇಳುವ ಹಾಗೆ. ಒಳಗಿನಿಂದ ಅವರ ಹೆಂಡತಿ ಪಾಕದ ಹೊಸ ಬಾಟಲಿ ತಂದು, ಮುಚ್ಚಳ ತೆಗೆದು, ಮೂಸಿ, ಹೂಂ ಎಂದು ಅವರ ಕೈಗೆ ಕೊಟ್ಟು ಹೋದರು. ಗಂಡಹೆಂಡಿರ ಶಿಸ್ತು ಚೆನ್ನಾಗಿದೆ ಎಂದುಕೊಂಡೆ. ಇದನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ.

ಡ್ಯೂಟಿ ಮುಗಿಯುವಷ್ಟರಲ್ಲಿ ಅವರ ಕಥೆ ತಿಳಿಯಿತು. ಹೈದರಾಬಾದಿನ ದೊಡ್ಡ ಹೋಟೆಲೊಂದರ ಬಾರಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಾಕ್‌ಟೇಲ್ ಕಲಸಿದವರು. ಬಂದವರ ಮುಖ ನೋಡಿ ಅವರಿಗೆ ಏನು ಬೇಕೆಂದು ಹೇಳುತ್ತಿದ್ದರಂತೆ. ಕರೋನಾ ಬಂದ ವರ್ಷ ಊರಿಗೆ ಬಂದವರು ಮರಳಿ ಹೋಗಲಿಲ್ಲ. ಯಾಕೆಂದು ಕೇಳಿದರೆ, ಸಾಕಾತ್ರಿ ಎಂದು ನಕ್ಕು ಬಿಡುತ್ತಿದ್ದರು. ಆಮೇಲೆ ತಿಂಗಳಿಗೆರಡು ಭಾನುವಾರ ನಾನು ಸುರಪುರದ ಬಸ್ಸು ಹತ್ತತೊಡಗಿದೆ. ಅವರು ಹೇಳಿಕೊಡುತ್ತಿದ್ದರು, ನಾನು ಮನೆಗೆ ಬಂದು ಮಾಡುತ್ತಿದ್ದೆ. ಅವರ ಪಾಠದಲ್ಲಿ ಪಟ್ಟಿಗಳಿರಲಿಲ್ಲ. ಹುಳಿ ಹೆಚ್ಚಾದರೆ ಸಿಹಿ ಹಾಕಬೇಡಿ, ಉಪ್ಪು ಹಾಕಿ ನೋಡಿ. ಐಸು ಕಡಿಮೆ ಹಾಕಿದರೆ ಬೇಗ ಕರಗಿ ನೀರಾಗುತ್ತದೆ, ತುಂಬ ಹಾಕಿದರೆ ತಡೆಯುತ್ತದೆ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ, ಇಲ್ಲದಿದ್ದರೆ ಯಾವುದು ಸೇರಿತೆಂದು ನಿಮಗೇ ತಿಳಿಯುವುದಿಲ್ಲ. ಈ ಕೊನೆಯ ಮಾತು ಯಾವ ಪ್ರಯೋಗಶಾಲೆಯ ಗೋಡೆಗಾದರೂ ಬರೆಸಬೇಕಾದದ್ದು.

ಮನೆಯಲ್ಲಿ ನನ್ನ ಸಾಮಾನು ನೋಡಿದರೆ ನೀವು ನಗುತ್ತೀರಿ. ಕಲಸಲು ತಿರುಗಿಸಿ ಮುಚ್ಚುವ ಸ್ಟೀಲ್ ಡಬ್ಬಿ. ಅಳೆಯಲು ಕೆಮ್ಮಿನ ಔಷಧಿಯ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಕಪ್ಪು. ಸೋಸಲು ಚಹಾದ ಸೋಸಣಿಕೆ. ಮೊದಲ ದಿನವೇ ಐಸಿನ ತಂಪಿಗೆ ಡಬ್ಬಿಯ ಮುಚ್ಚಳ ಬಿಗಿದು, ಲೋಹ ಕುಗ್ಗುವ ಪಾಠವನ್ನು ವರ್ಷಗಟ್ಟಲೆ ಮಾಡಿದ ನಾನು ಅದನ್ನು ತೊಡೆಯ ನಡುವೆ ಹಿಡಿದು ಅರ್ಧ ಗಂಟೆ ಒದ್ದಾಡಿದೆ. ಹೆಂಡತಿ ಬಂದು ನಲ್ಲಿಯ ಬಿಸಿನೀರು ಹಿಡಿದು ತೆಗೆದುಕೊಟ್ಟಳು. ಅವಳಿಗೆ ಹುಣಸೆಯದು ಸೇರಿತು, ಅದೂ ಮದ್ಯ ಹಾಕದೆ. ರಮ್ಮಿಗೆ ನನ್ನಾರಿ ಹಾಕಿದ್ದು ನನಗೆ ಕೆಮ್ಮಿನ ಸಿರಪ್ಪಿನಂತೆ ಕಂಡಿತು. ಕರಿಬೇವು ಹಾಕಿದ್ದು ಉಪ್ಪಿಟ್ಟನ್ನು ನೆನಪಿಸಿತು. ಒಂದು ವರ್ಷದಲ್ಲಿ ನನಗೆ ವಿಸ್ಕಿ ಸೇರುವುದಿಲ್ಲವೆಂದು ಖಚಿತವಾಯಿತು. ಸಿಹಿಯೂ ಅಷ್ಟಕ್ಕಷ್ಟೇ. ನನಗೆ ಬೇಕಾದದ್ದು ಹುಳಿ, ಉಪ್ಪು, ಕೊನೆಗೆ ನಾಲಿಗೆಯ ಬೇರಿನಲ್ಲಿ ನಿಲ್ಲುವ ಒಂದು ಕಹಿ. ಇದನ್ನು ಸಾಬಣ್ಣನಿಗೆ ಹೇಳಿದಾಗ, "ಆ ಕಹಿ ನಿಮಗ ಎಲ್ಲಿ ಸಿಕ್ಕಿತ್ತು ನೆನಪು ಮಾಡ್ಕೋರಿ. ಸೇರೂದು ಅಂದ್ರ ಎಲ್ಲೋ ಮೊದಲ ಸಿಕ್ಕಿರ್ತದ," ಅಂದರು.

ಮರುವಾರವೇ ಯುಗಾದಿ. ನಮ್ಮ ಕಡೆ ಬೇವೆಂದರೆ ಚಿಟಿಕೆ ತಿಂದು ಮುಗಿಸುವುದಲ್ಲ, ಗಡಿಗೆಯಲ್ಲಿ ಮಾಡಿ ಲೋಟಗಟ್ಟಲೆ ಕುಡಿಯುವುದು. ಅವ್ವ ಹೊಸ ಗಡಿಗೆಯಲ್ಲಿ ಹುಣಸೆ ನೀರು, ಬೆಲ್ಲ, ಹೆಚ್ಚಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಬೇವಿನ ಹೂ ಕಲಸಿ ಇಟ್ಟಿದ್ದಳು. ಮೊದಲ ಗುಟುಕಿಗೇ ಗೊತ್ತಾಯಿತು. ನಾನು ವರ್ಷವಿಡೀ ಹುಡುಕಿದ್ದು ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡು ಕುಳಿತಿತ್ತು. ಹಿಟ್ಟು ಬಿಟ್ಟು, ತಿಳಿ ಸೋಸಿ, ಜಿನ್ನು ಬೆರೆಸಿ, ತಳಕ್ಕೆ ಶುಂಠಿ ಬೆಲ್ಲದ ಪಾಕ ಬಿಟ್ಟರೆ ನನ್ನ ಪೇಯ ಸಿದ್ಧ. ಬೇವಿನ ಹೂವನ್ನು ನೆರಳಲ್ಲಿ ಒಣಗಿಸಿ ವರ್ಷಕ್ಕಾಗುವಷ್ಟು ಎತ್ತಿಟ್ಟೆ.

ಈಗ ಲೇಬಲ್ಲಿನ ವಿಷಯ. ಅವ್ವ ದಿನಾ ಇಷ್ಟಲಿಂಗ ಪೂಜೆ ಮಾಡಿಕೊಳ್ಳದೆ ನೀರು ಮುಟ್ಟುವವಳಲ್ಲ. ಅವಳಿರುವ ಮನೆಯಲ್ಲಿ ಜಿನ್ನು, ರಮ್ಮು ಎಂದು ದೊಡ್ಡಕ್ಷರದಲ್ಲಿ ಬರೆದ ಬಾಟಲಿ ಇಡಲು ನನಗೆ ಮುಖವಿರಲಿಲ್ಲ. ಲೇಬಲ್ ಕಿತ್ತರೆ ಅದು ಬರೀ ಬಾಟಲಿ. ಎಣ್ಣೆಯದಿರಬಹುದು, ಗುಲಾಬಿ ನೀರಿನದಿರಬಹುದು. ಹಾಗೆ ಕಿತ್ತು, ಶುಂಠಿ ಬೆಲ್ಲದ ಪಾಕವನ್ನೂ ಅಂಥದೇ ಖಾಲಿ ಬಾಟಲಿಗೆ ತುಂಬಿ, ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಮಗಳ ಕೈಗೆ ಸಿಗದಷ್ಟು ಎತ್ತರದಲ್ಲಿ ಇಡುತ್ತಿದ್ದೆ. ನಮ್ಮೂರ ಕಡೆ ಎಷ್ಟೋ ಮರ್ಯಾದಸ್ಥ ಮನೆಗಳ ಗೂಡಿನಲ್ಲಿ ಇಂಥ ಹೆಸರಿಲ್ಲದ ಬಾಟಲಿಗಳು ಸಿಗುತ್ತವೆ. ಅಂಥ ಬಾಟಲಿ ಖಾಲಿಯಾದರೆ ಎಸೆಯುವವರೂ ಇಲ್ಲ. ಗಾಜು ಗಟ್ಟಿ, ಮುಚ್ಚಳ ಬಿಗಿ. ಖಾಲಿಯಾದದ್ದನ್ನು ತೊಳೆದು ಹಿತ್ತಿಲಲ್ಲಿ ಬೋರಲು ಹಾಕುತ್ತಿದ್ದೆ, ಅವ್ವ ಅದರಲ್ಲಿ ಶೇಂಗಾ ಎಣ್ಣೆ ತುಂಬುತ್ತಿದ್ದಳು. ಅವಳು ಏನೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಸಾಬಣ್ಣನನ್ನು ಮನೆಗೆ ಕರೆದೆ. ಭಾನುವಾರ ಮಧ್ಯಾಹ್ನ. ಅವ್ವ, ಹೆಂಡತಿ, ಮಗಳು ಮದುವೆಗೆಂದು ಯಾದಗಿರಿಗೆ ಹೋಗಿದ್ದರು. ಗುರುವಿಗೆ ನನ್ನದೇ ಆದ ಪೇಯ ಕುಡಿಸುವ ದಿನ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ಬಂದರು. ನಾನು ಸ್ಟೂಲು ಹತ್ತಿ ಬಾಟಲಿಗಳನ್ನು ಇಳಿಸಿದೆ. ಪಾಠ ಮಾಡುವವರ ಚಟ ನಿಮಗೆ ಗೊತ್ತಲ್ಲ, ಕೇಳುವವನೊಬ್ಬ ಸಿಕ್ಕರೆ ಬಾಯಿ ನಿಲ್ಲುವುದಿಲ್ಲ. ಬೇವಿನ ಕಹಿ ನೀರಿಗಿಂತ ಜಿನ್ನಿನಲ್ಲಿ ಯಾಕೆ ಚೆನ್ನಾಗಿ ಇಳಿಯುತ್ತದೆ ಎಂದು ವಿವರಿಸುತ್ತ, ಪ್ರತಿ ಬಾಟಲಿಯನ್ನೂ ಮೂಸಿ ನೋಡುವ ಅವರದೇ ನಿಯಮವನ್ನು ಮರೆತು, ಅವರ ಮುಖವನ್ನೇ ನೋಡುತ್ತ ಕೈ ಆಡಿಸಿದೆ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕೊನೆಗೆ ಹೊಂಬಣ್ಣದ ಪಾಕವನ್ನು ಅವರ ಗ್ಲಾಸಿನ ಅಂಚಿನಿಂದ ಇಳಿಬಿಟ್ಟೆ. ಅದು ತಳಕ್ಕೆ ಇಳಿಯುವ ಬದಲು ಹಾಲಿನ ಹಾಗೆ ಹರಡಿತು. ಹೊಸ ಬಣ್ಣ ಬಂತೆಂದು ಹೆಮ್ಮೆಯಿಂದಲೇ ಗ್ಲಾಸನ್ನು ಅವರ ಕೈಗೆ ಕೊಟ್ಟೆ.

ನನ್ನ ಗ್ಲಾಸಿಗೆ ಬಗ್ಗಿ ಸುರಿಯುವಾಗ ವಾಸನೆ ಬಂತು. ಬಾಗಿಲ ಚೌಕಟ್ಟಿನ ವಾಸನೆ.

ತಲೆ ಎತ್ತಿದೆ. ಗ್ಲಾಸು ಅವರ ಮೂಗಿನ ಕೆಳಗಿತ್ತು. ಅವರು ಎಂದಿನಂತೆ ಒಂದು ಕ್ಷಣ ಅಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿಗೆ ತಂದರು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೈ ಬೀಸಿದ್ದು ನೆನಪಿದೆ. ಗ್ಲಾಸು ಗೋಡೆಗೆ ಬಡಿದು ಒಡೆಯಿತು. ಅವರ ಮೀಸೆ ಒದ್ದೆಯಾಗಿತ್ತು, ಬಿಳಿ ಅಂಗಿಯ ಮೇಲೆ ಹಾಲಿನಂಥ ಹನಿಗಳಿದ್ದವು. ಆ ವಿಷವನ್ನು ಮೂಗಿನ ಕೆಳಗೇ ಹಿಡಿದಿದ್ದ ಮನುಷ್ಯ ನನ್ನನ್ನು ನೋಡಿ ಕೇಳಿದ್ದು ಇಷ್ಟೇ:

"ಯಾಕ್ರಿ ಸರ, ಏನಾತು?"

ಆ ಪ್ರಶ್ನೆ ನನ್ನನ್ನು ಈಗಲೂ ನಿದ್ದೆಯಿಂದ ಎಬ್ಬಿಸುತ್ತದೆ. ಆಗ ಯೋಚಿಸಲು ಪುರುಸೊತ್ತಿರಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಿಸಿದೆ, ಮುಖಕ್ಕೆ, ಮೀಸೆಗೆ, ಕುತ್ತಿಗೆಗೆ ಸೋಪು ಹಚ್ಚಿ ತೊಳೆದೆ, ಅಂಗಿ ಬಿಚ್ಚಿಸಿ ನನ್ನದು ಹಾಕಿದೆ. ನುಂಗಿಲ್ಲ, ನುಂಗಿಲ್ಲ ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಬಾಟಲಿ ನನ್ನ ಮಡಿಲಲ್ಲಿತ್ತು.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಬಹಳ ಚಿಕ್ಕ ವಯಸ್ಸಿನವರು. ಸಾಬಣ್ಣನ ಕಣ್ಣಿಗೆ ಟಾರ್ಚು ಬಿಟ್ಟು, ನಾಡಿ ಹಿಡಿದು, ಯಾವ ಔಷಧಿ ಎಂದು ಕೇಳಿದರು. ಬಾಟಲಿ ಕೊಟ್ಟೆ. ಅವರು ಅದನ್ನು ಸುತ್ತಲೂ ತಿರುಗಿಸಿ ನೋಡಿ, ಲೇಬಲ್ ಎಲ್ಲಿ ಅಂದರು. ವರ್ಷಗಟ್ಟಲೆ ನಾನು ಹುಡುಗರಿಗೆ ಕೇಳಿದ ಪ್ರಶ್ನೆ. ನಾನೇ ಕಿತ್ತಿದ್ದೆ. ಒಳಗಿನದರ ಹೆಸರು ನನಗೆ ಗೊತ್ತಿರಲಿಲ್ಲ.

ಅವ್ವನಿಗೆ ಫೋನು ಹಚ್ಚಿದೆ. ಹಿಂದೆ ಮದುವೆಯ ಬ್ಯಾಂಡಿನ ಸದ್ದು. ಮೇಲಿನ ಗೂಡಿನಲ್ಲಿ ಗೆದ್ದಲಿನ ಔಷಧಿ ಇಟ್ಟಿದ್ದೀಯಾ ಎಂದು ಕೇಳಿದೆ. ಹೌದಂತೆ. ದೇವರ ಕೋಣೆಯ ಚೌಕಟ್ಟಿಗೆ ಹತ್ತಿದ ಗೆದ್ದಲಿಗೆಂದು ಬಳಿಚಕ್ರ ಊರಿನ ನಮ್ಮ ಸೋದರಮಾವ ಹೋದ ವಾರ ದೊಡ್ಡ ಡಬ್ಬಿಯಿಂದ ಬಗ್ಗಿಸಿ ಕೊಟ್ಟುಹೋಗಿದ್ದ. ಹಿತ್ತಿಲಲ್ಲಿ ತೊಳೆದಿಟ್ಟ ಬಾಟಲಿಗಳಲ್ಲಿ ಒಂದಕ್ಕೆ ತುಂಬಿಸಿಕೊಂಡು, ಮೊಮ್ಮಗಳ ಕೈಗೆ ಸಿಗಬಾರದೆಂದು ಮನೆಯಲ್ಲೇ ಎತ್ತರದ ಜಾಗ ನೋಡಿ ಇಟ್ಟಿದ್ದಳು. ನಾನು ಯೋಚಿಸಿದ ಜಾಗವನ್ನೇ ಅವಳೂ ಯೋಚಿಸಿದ್ದಳು. ಅವ್ವ ಕೇಳಿದಳು, "ಅದು ನಿನಗ್ಯಾಕ ಬೇಕಾತು?" ಎಲ್ಲವನ್ನೂ ಹೇಳಿದೆ. ಜಿನ್ನು, ರಮ್ಮು, ಲೇಬಲ್ಲು, ಸಾಬಣ್ಣ. ಅವಳು ಫೋನು ಇಟ್ಟಳು. ಹತ್ತು ನಿಮಿಷಕ್ಕೆ ಮಾವನ ಫೋನು ಬಂತು. ಅವ್ವ ಅವನನ್ನು ಹೊಲದಿಂದ ಮನೆಗೆ ಓಡಿಸಿದ್ದಳು. ಅವನು ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದಿದ, ನಾನು ಡಾಕ್ಟರಮ್ಮನಿಗೆ ಹೇಳಿದೆ. ಬೇಗ ತೊಳೆದದ್ದು ಒಳ್ಳೆಯದಾಯಿತು, ಆದರೂ ಸಂಜೆಯವರೆಗೆ ಇರಲಿ ಎಂದರು.

ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಅರ್ಧ ಗಂಟೆಗೊಮ್ಮೆ ನರ್ಸು ಬಂದು ಕಣ್ಣು ನೋಡಿ ಹೋಗುತ್ತಿದ್ದಳು. ಅವಳು ಹೋದಾಗಲೆಲ್ಲ ನಾನೂ ನೋಡುತ್ತಿದ್ದೆ. ಕೊನೆಗೆ ಕೇಳಿಯೇಬಿಟ್ಟೆ, ಅಷ್ಟು ವಾಸನೆ ನಿಮಗೆ ಹೇಗೆ ಬರಲಿಲ್ಲ ಎಂದು.

ಸಾಬಣ್ಣ ಚಾವಣಿ ನೋಡುತ್ತ ಮಲಗಿದ್ದರು. "ನನಗ ವಾಸನಿ ಬರಂಗಿಲ್ರಿ ಸರ. ಆ ಜ್ವರ ಬಂದು ಹೋದಾಗಿಂದ. ಮಲ್ಲಿಗಿ ಹಿಡೀರಿ, ಚರಂಡಿ ಹಿಡೀರಿ, ಎರಡೂ ಒಂದ."

ಅದಕ್ಕೇ ಹೈದರಾಬಾದಿಗೆ ಮರಳಿ ಹೋಗಿರಲಿಲ್ಲ. ಅದಕ್ಕೇ ಹೆಂಡತಿ ಪ್ರತಿ ಬಾಟಲಿಯನ್ನೂ ಮೂಸಿ ಕೊಡುತ್ತಿದ್ದರು. ನಾನು ಬಾಯಿಗೆ ಬಂದದ್ದನ್ನು ಕೇಳಿದೆ: ಮತ್ತೆ ಇಷ್ಟು ದಿನ ನನ್ನನ್ನು ಪರೀಕ್ಷೆ ಮಾಡಿದ್ದು?

"ಪರೀಕ್ಷಾ ಎಲ್ಲಿದ್ರಿ. ನೀವು ಮೂಸಿ ಹೇಳ್ತಿದ್ರಿ, ನಾನು ಕೇಳ್ತಿದ್ದೆ. ನಿಂಬಿ ಸಿಪ್ಪಿದು ಹೇಳ್ತಿದ್ರಲ್ಲ, ನನಗ ಅದು ಬಂದಂಗ ಆಗ್ತಿತ್ತು." ಖಾಲಿ ಕೈಯನ್ನು ಮೂಗಿನ ಕೆಳಗೆ ತಂದು ಮುಂದುವರಿಸಿದರು. "ಗ್ಲಾಸು ಮೂಗಿಗೆ ಹಿಡಿಯೂದು ಹಳೇ ಚಟ. ಬಿಡಾಕ ಆಗವಲ್ದು. ಊರಾಗ ಯಾರಿಗೂ ಹೇಳಬ್ಯಾಡ್ರಿ. ಮೂಗಿಲ್ಲದವನ ಶರಬತ್ ಯಾರು ಕುಡೀತಾರ?"

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ವರ್ಷವಿಡೀ ವಿದ್ಯೆ ಕಲಿತೆನೆಂದು ಬೀಗಿದ್ದೆ. ಕಲಿತದ್ದು ಸುಳ್ಳಲ್ಲ. ಆದರೆ ಪ್ರತಿ ಭಾನುವಾರ ಆ ಮನುಷ್ಯ ನನ್ನ ಮೂಗಿನಿಂದ ತಮ್ಮ ಇಪ್ಪತ್ತು ವರ್ಷಗಳನ್ನು ಒಂದೊಂದಾಗಿ ಮರಳಿ ಪಡೆಯುತ್ತಿದ್ದರು. ಅಂಥವರ ಕೈಗೆ ನಾನು ಆ ಗ್ಲಾಸು ಕೊಟ್ಟಿದ್ದೆ. ಸಂಜೆ ಡಾಕ್ಟರಮ್ಮ ಮನೆಗೆ ಹೋಗಬಹುದು ಎಂದಾಗ ಅವರು ನನ್ನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ತುಟಿಯ ಮೇಲೆ ಉಳಿದ ಹನಿಯ ನೆನಪಿನಲ್ಲೋ ಏನೋ, ಕಹಿ ಬರೋಬ್ಬರಿ ಇತ್ತು ಎಂದರು. ನನಗೆ ನಗು ಬರಲಿಲ್ಲ. ಈಗ ಸ್ವಲ್ಪ ಬರುತ್ತದೆ.

ಮನೆಗೆ ಬಂದಾಗ ಅವ್ವ ಮದುವೆಗೆ ಉಟ್ಟ ಸೀರೆಯಲ್ಲೇ ಗಾಜು ಗುಡಿಸಿ, ಗೋಡೆ ತೊಳೆದು, ಗೂಡಿನಲ್ಲಿದ್ದ ಬಾಟಲಿಗಳನ್ನೆಲ್ಲ ಇಳಿಸಿ ಅಡುಗೆಮನೆಯ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ನಾನು ನನ್ನ ವಿದ್ಯಾರ್ಥಿಗಳಂತೆ ಎದುರು ನಿಂತೆ. ಚೆಲ್ಲಿಬಿಡು ಎನ್ನುತ್ತಾಳೆಂದುಕೊಂಡಿದ್ದೆ. ಅವಳು ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯ ಸುರುಳಿ ಮತ್ತು ಮಗಳ ಪೆನ್ನು ಮುಂದಿಟ್ಟುಕೊಂಡು ಕುಳಿತಿದ್ದಳು.

"ಕುಡಿಯೋದು ನಿನ್ನ ಹಣೇಬರಹ. ಹೆಸರು ಬರದಿಡು. ನೀ ಮುಚ್ಚಿಟ್ಟಿ, ನಾ ಕೇಳಲಿಲ್ಲ. ಇಬ್ಬರೂ ಕೂಡಿ ಒಬ್ಬರ ಮನ್ಯಾಗ ದೀಪ ಆರಸ್ತಿದ್ವಿ."

ಒಂದೊಂದೇ ಮೂಸಿ ನಾನು ಹೆಸರು ಹೇಳಿದೆ, ಅವಳು ಮೂರನೆಯ ಇಯತ್ತೆಯವರೆಗೆ ಶಾಲೆ ಕಲಿತ ಅಕ್ಷರದಲ್ಲಿ ಬರೆದು ಅಂಟಿಸಿದಳು. ಜಿನ್ನ. ರಮ್ಮ. ನನ್ನಾರಿ. ಸುಂಟಿ ಬೆಲ್ಲ. ಗೆದ್ದಲಿನ ಔಷಧಿ ಮಾವನ ಡಬ್ಬಿಗೇ ಮರಳಿ ಹೋಯಿತು. ಆ ಪಟ್ಟಿಗಳು ಇವತ್ತಿಗೂ ಬಾಟಲಿಗಳ ಮೇಲಿವೆ. ಬಂದ ನೆಂಟರು ಓದಿಕೊಂಡು ಹೋಗುತ್ತಾರೆ. ಇಬ್ಬರು ಮುಖ ತಿರುಗಿಸಿದರು, ಒಬ್ಬರು ಸುಂಟಿ ಬೆಲ್ಲ ಹೇಗೆ ಮಾಡುವುದೆಂದು ಕೇಳಿದರು.

ಇವತ್ತು ಮಧ್ಯಾಹ್ನ ಸಾಬಣ್ಣ ಬಂದರು. ಈಗ ಒಂದು ಭಾನುವಾರ ಅವರು ಬರುತ್ತಾರೆ, ಇನ್ನೊಂದು ಭಾನುವಾರ ನಾನು ಹೋಗುತ್ತೇನೆ. ಇದನ್ನು ಬರೆಯಬಹುದೇ ಎಂದು ಕೇಳಿದ್ದೆ. ಮೊದಲು ಬೇಡವೆಂದವರು ಕಳೆದ ತಿಂಗಳು ಅಂಗಡಿಗೆ ಬಂದವರಿಗೆ ತಾವೇ ಹೇಳಿಬಿಟ್ಟಿದ್ದಾರೆ. ಗಿರಾಕಿ ಕಡಿಮೆಯಾಗಿಲ್ಲ. ನನಗಾಗಿ ಸ್ವಲ್ಪ ಮೂಸಿ ಹೇಳ್ರಿ ಎಂದು ಬಂದವರಿಗೆಲ್ಲ ಕೆಲಸ ಹಚ್ಚುತ್ತಾರಂತೆ.

ಪಕ್ಕದ ಮನೆಯ ಚೌಕಟ್ಟು ಇನ್ನೂ ಅಂಗಳದಲ್ಲಿ ಒಣಗುತ್ತಿತ್ತು. ಅವ್ವ ಮಾವಿನಕಾಯಿ ಹೆಚ್ಚಿ ಕೊಟ್ಟಳು. ಪಟ್ಟಿಯನ್ನು ಎರಡು ಸಲ ಓದಿ, ಮುಚ್ಚಳ ತೆಗೆದು ಮೂಸಿ, ಒಂದೊಂದಾಗಿ ಬೆರೆಸಿದೆ. ಕಹಿ, ಹುಳಿ, ಉಪ್ಪು, ಸಿಹಿ ಇವು ನಾಲಿಗೆಗೆ ಸಿಗುವವು, ಅವರಿಂದ ಯಾವ ಜ್ವರವೂ ಕಸಿದುಕೊಂಡಿಲ್ಲ. ಬೇವು ಅವುಗಳಿಂದಲೇ ಆದದ್ದು. ನನಗೆ ಸೇರುವುದನ್ನು ಹುಡುಕಹೋಗಿ ಅವರಿಗೆ ಸೇರುವುದನ್ನು ಮಾಡಿದ್ದೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಗ್ಲಾಸು ಅವರ ಮುಂದಿಟ್ಟೆ. ಅವರು ಮುಟ್ಟಲಿಲ್ಲ. ಕಣ್ಣು ಮುಚ್ಚಿಕೊಂಡು, "ಏನ್ ವಾಸನಿ ಬರ್ತದ್ರಿ ಸರ?" ಅಂದರು.

ಗ್ಲಾಸಿನ ಮೇಲೆ ಬಗ್ಗಿದೆ. ಒಣಗಿದ ಬೇವಿನ ಹೂವು ಅಂದೆ, ಹಳೆಯ ಜೇನಿನ ಹಾಗೆ. ಮಾವಿನಕಾಯಿಯ ಸೊನೆ. ಶುಂಠಿ, ಅದರ ಹಿಂದೆ ಬೆಲ್ಲದ ಗಾಣದ ಹೊಗೆ. ಇನ್ನೊಂದು ವಾಸನೆಯೂ ಇತ್ತು. ಮುಚ್ಚಿಡುವುದು ಸಾಕಾಗಿತ್ತು.

"ಆ ಗೆದ್ದಲಿನ ಔಷಧಿದೂ ಬರಾಕತ್ತದ," ಅಂದೆ. "ಗ್ಲಾಸಿಂದಲ್ಲ. ಪಕ್ಕದ ಮನೀದು. ನಾ ನೋಡೀನಿ."

"ನೋಡೀರಂದ್ರ ಆತು," ಎಂದು ಅವರು ಗ್ಲಾಸು ಎತ್ತಿದರು. ಹಳೆಯ ಚಟದಂತೆ ಮೂಗಿನ ಕೆಳಗೆ ಒಂದು ಕ್ಷಣ ಹಿಡಿದರು. ಆಮೇಲೆ ತುಟಿಗೆ ತಂದು, ನಿಧಾನವಾಗಿ, ಪೂರ್ತಿ ಗುಟುಕು ಕುಡಿದರು.

ನನ್ನ ಬಲಗೈ ಮೇಜಿನ ಮೇಲೆ ಇಟ್ಟಲ್ಲೇ ಇತ್ತು.